ಐದನೆಯ ಹಲ್ಲು

ಊರಿನ ಅರ್ಧಕ್ಕರ್ಧ ಬಾಗಿಲುಗಳನ್ನು ತೆಗೆದುಕೊಟ್ಟ ಮನುಷ್ಯ ಒಂದು ಭಾನುವಾರ ಬೆಳಿಗ್ಗೆ ತಮ್ಮದೇ ಮನೆಯ ಬಾಗಿಲ ಹೊರಗೆ, ಒಂದೇ ಒಂದು ಟವೆಲನ್ನು ನಂಬಿಕೊಂಡು ನಿಂತಿದ್ದರು. ಪೇಪರ್ ಎತ್ತಿಕೊಳ್ಳಲು ಹೊರಗೆ ಕಾಲಿಟ್ಟದ್ದೇ ತಪ್ಪಾಯಿತು. ಗಾಳಿ ಬೀಸಿತು, ಬಾಗಿಲು ಧಡ್ ಎಂದಿತು, ಬೀಗ ತಾನಾಗಿ ಬಿತ್ತು. ಆ ಬೀಗ ಕೂರಿಸಿದವರು ಅವರೇ. "ಇದನ್ನ ತೆಗೀಬೇಕು ಅಂದ್ರೆ ನಾನೇ ಬರ್ಬೇಕು" ಎಂದು ಹೆಂಡತಿಯ ಮುಂದೆ ಜಂಬ ಕೊಚ್ಚಿಕೊಂಡು ಕೂರಿಸಿದ್ದು. ಈಗ ಅವರೇನೋ ಬಂದಿದ್ದರು. ಸಲಕರಣೆ ಮಾತ್ರ ಒಳಗಿತ್ತು.

ಹೆಂಡತಿ ವಾಕಿಂಗ್ ಮುಗಿಸಿ ಬಂದಾಗ ಇವರು ಪಕ್ಕದ ಮನೆಯವರ ಹೇರ್‌ಪಿನ್ನು ಬೇಡಿ ತಂದು, ಮಂಡಿಯೂರಿ, ಒಂದು ಕೈಯಲ್ಲಿ ಬೀಗವನ್ನೂ ಇನ್ನೊಂದು ಕೈಯಲ್ಲಿ ಮಾನವನ್ನೂ ಹಿಡಿದುಕೊಂಡಿದ್ದರು. ಮನೆಯ ಇನ್ನೊಂದು ಕೀ ಆಕೆಯ ಪರ್ಸಿನಲ್ಲೇ ಇತ್ತು. ಆಕೆ ಪರ್ಸಿಗೆ ಕೈ ಹಾಕಿದ್ದೂ ನಿಜ. ಆದರೆ ಮೊದಲು ಹೊರಗೆ ಬಂದದ್ದು ಫೋನು.

"ರೀ, ಒಂಚೂರು ಈ ಕಡೆ ನೋಡಿ."

"ಮೊದ್ಲು ಕೀ ಕೊಡೇ!"

"ಕೊಡ್ತೀನಿ. ಮೊದ್ಲು ಈ ಕಡೆ ನೋಡಿ."

ಸಂಜೆಯ ಹೊತ್ತಿಗೆ ವಿಡಿಯೋ ವೈರಲ್ ಆಗಿತ್ತು. ವೈರಲ್ ಎಂದರೆ ಜ್ವರ ಎಂದಷ್ಟೇ ತಿಳಿದಿದ್ದ ಅವರಿಗೆ ನಿಜಕ್ಕೂ ಮೈ ಬಿಸಿಯಾಯಿತು. ಕಾಮೆಂಟುಗಳಲ್ಲಿ ಬೀಗಕ್ಕಿಂತ ಹೆಚ್ಚು ಮಾತು ಟವೆಲಿನ ಮೇಲೆ ಜೋತ ಅವರ ಹೊಟ್ಟೆಯ ಬಗ್ಗೆಯೇ ಇತ್ತು.

ಅವರನ್ನು ಊರಲ್ಲಿ ಎಲ್ಲರೂ ಕರೆಯುವುದು "ಹಲ್ಲು ಡಾಕ್ಟ್ರು" ಎಂದು. ಓದಿದ ಡಾಕ್ಟರಲ್ಲ, ಕೀಗಳಿಗೆ ಹಲ್ಲು ಕೊರೆಯುವ ಡಾಕ್ಟರು. ಬಟ್ಟೆ ಅಂಗಡಿಯೊಂದರ ಮೆಟ್ಟಿಲ ಕೆಳಗೆ, ಎದ್ದು ನಿಂತರೆ ತಲೆ ತಗಲುವ ಗೂಡಿನಲ್ಲಿ ಅವರ ಕ್ಲಿನಿಕ್ಕು. ಮೂರು ಗೋಡೆಗೂ ಹಲ್ಲಿಲ್ಲದ ಕೀಗಳು ಸಾಲಾಗಿ ನೇತಾಡುತ್ತಿದ್ದವು. ನಡುವೆ ಕೀ ಕೊರೆಯುವ ಮಷೀನು, ಕೀಯನ್ನು ಕಚ್ಚಿ ಹಿಡಿಯುವ ಒಂದು ಪುಟ್ಟ ವೈಸು, ನಾನಾ ಗಾತ್ರದ ಅರಗಳು. ಹಿತ್ತಾಳೆಯ ಪುಡಿ ಹುಬ್ಬಿನ ಮೇಲೆ ಕೂತು ಕೂತು, ಬಿಸಿಲಿಗೆ ಬಂದಾಗ ಡಾಕ್ಟರು ಸ್ವಲ್ಪ ಹೊಳೆಯುತ್ತಿದ್ದರು. ಬಲಗೈ ಹೆಬ್ಬೆರಳಿನ ಉಗುರು ಯಾವುದೋ ಕಾಲದಲ್ಲಿ ವೈಸಿಗೆ ಸಿಕ್ಕಿ ಕಪ್ಪಗಾಗಿ ಹಾಗೇ ಉಳಿದಿತ್ತು.

ಕಸುಬು ಕಲಿಸಿದವರು ಮಾವ. ಮಾವನಿಗೆ ಇಬ್ಬರು ಹೆಣ್ಣುಮಕ್ಕಳು, ಇಬ್ಬರು ಶಿಷ್ಯರು. ಲೆಕ್ಕ ತಾನಾಗಿ ಕೂಡಿಬಂತು. ದೊಡ್ಡವಳನ್ನು ನಮ್ಮ ಡಾಕ್ಟರಿಗೂ ಚಿಕ್ಕವಳನ್ನು ಇನ್ನೊಬ್ಬ ಶಿಷ್ಯನಿಗೂ ಕೊಟ್ಟರು. ಹೀಗೆ ಜೊತೆಗೆ ಕಲಿತವರು ಷಡ್ಡಕರಾದರು. ಮಾವ ಹೋದ ಮೇಲೆ ಅವರ ಹಳೇ ಮಷೀನು ಚಿಕ್ಕ ಅಳಿಯನ ಪಾಲಾಗಿ, ಷಡ್ಡಕರ ನಡುವೆ ಮಾತು ನಿಂತಿತು. ಅವನು ಸೇತುವೆಯ ಆಚೆ ಅಂಗಡಿ ಇಟ್ಟುಕೊಂಡ. ಸೇತುವೆ ಇತ್ತು, ದಾಟುವವರಿರಲಿಲ್ಲ.

ಮಷೀನಿನ ಜೊತೆಗೆ ಮಾವ ಬಿಟ್ಟುಹೋದ ಇನ್ನೊಂದು ಆಸ್ತಿಯೆಂದರೆ ಅಂಗಡಿಯ ಪದ್ಧತಿ. ಗಿರಾಕಿಯ ಕೀಯನ್ನು ಕೈಗೆ ತೆಗೆದುಕೊಂಡ ಕೂಡಲೇ ಅಂಗೈ ಮುಚ್ಚಬೇಕು. ಮುಂದಿನ ಗಿರಾಕಿಗೆ ಅದರ ಹಲ್ಲು ಕಾಣಬಾರದು. ಮನೆ ಎಲ್ಲಿ, ಯಾರು ಎಂದು ಕೇಳಲೇಬಾರದು. "ಕೀ ನಮ್ಮ ಹತ್ರ ಇರ್ಲಿ, ಮನೆ ಅವರ ಹತ್ರ ಇರ್ಲಿ. ಎರಡೂ ಒಂದೇ ತಲೆಗೆ ಹೋದ್ರೆ ಆ ತಲೆ ಕೆಡುತ್ತೆ" ಎನ್ನುತ್ತಿದ್ದರು. ಯಾರಾದರೂ ಮಾತಿನ ಭರದಲ್ಲಿ ವಿಳಾಸ ಹೇಳಲು ಬಾಯಿ ತೆಗೆದರೆ ಮಾವ ಮಷೀನು ಚಾಲೂ ಮಾಡುತ್ತಿದ್ದರು. ಕರ್ರೋ ಎನ್ನುವ ಆ ಸದ್ದಿನಲ್ಲಿ ಎಷ್ಟೋ ಬೀದಿಗಳ ಹೆಸರು ಪುಡಿಯಾಗಿ ಹೋಗಿವೆ. ಡಾಕ್ಟರು ಈ ಪದ್ಧತಿಯನ್ನು ತಲೆ ಬೆಳ್ಳಗಾಗುವವರೆಗೆ ನಡೆಸಿಕೊಂಡು ಬಂದಿದ್ದರು.

ಟವೆಲಿನ ವಿಡಿಯೋ ಓಡಿದ ಮೇಲೆ ಹೆಂಡತಿಗೆ ಹುರುಪು ಬಂತು. ದಿನಾ ಮಧ್ಯಾಹ್ನ ಊಟದ ಡಬ್ಬಿ ತರುತ್ತಿದ್ದಾಕೆ ಈಗ ಡಬ್ಬಿಯ ಜೊತೆ ಫೋನಿಗೊಂದು ಸ್ಟ್ಯಾಂಡನ್ನೂ ತರತೊಡಗಿದರು. ತಮ್ಮ ಚಾನೆಲ್ಲಿಗೆ "ಕೀ-ರ್ತಿ" ಎಂದು ಹೆಸರಿಟ್ಟರು. ಕೀ ಮುರಿದವರು, ಕಳೆದುಕೊಂಡವರು, ಕೀ ಒಳಗಿಟ್ಟು ಕಾರು ಮುಚ್ಚಿದವರು, ಎಲ್ಲರ ಕಥೆಯೂ ಅದರಲ್ಲಿ ಬಂತು. ಜನ ನೋಡಿದರು, ನಕ್ಕರು, ಹಿಂಬಾಲಿಸಿದರು. ಒಂದು ಕಾಲಕ್ಕೆ ಯಾರಾದರೂ ಹಿಂಬಾಲಿಸುತ್ತಿದ್ದಾರೆ ಎಂದರೆ ಹೆಜ್ಜೆ ಬಿರುಸು ಮಾಡುತ್ತಿದ್ದ ಹೆಂಗಸು ಈಗ ಹಿಂಬಾಲಕರು ಕಡಿಮೆಯಾದರೆ ಊಟ ಬಿಡುತ್ತಿದ್ದರು.

ಆ ದಿನ ಡಬ್ಬಿ ಬರುವ ಹೊತ್ತಿಗೆ ನಾಲ್ಕು ಗಂಟೆಯಾಗಿತ್ತು. ಡಾಕ್ಟರು ಕೈ ತೊಳೆದು ಡಬ್ಬಿ ಬಿಚ್ಚುತ್ತಿದ್ದರು. ಹೆಂಡತಿ ಎದುರಿನ ಸ್ಟೂಲಿನ ಮೇಲೆ ಕೂತು ಕಾಮೆಂಟುಗಳನ್ನು ಗಟ್ಟಿಯಾಗಿ ಓದುತ್ತಿದ್ದರು.

"ಇದು ಕೇಳಿ. ‘ಅಂಕಲ್ ಕೈಯಲ್ಲಿ ಜಾದೂ ಇದೆ.’ ಇನ್ನೊಬ್ಳು, ‘ಈ ಸದ್ದು ಕೇಳ್ತಾ ಕೇಳ್ತಾ ನಿದ್ದೆ ಬಂತು’ ಅಂತೆ."

"ನನಗೂ ಬರುತ್ತೆ. ಉಪ್ಪಿನಕಾಯಿ ಎಲ್ಲಿ?"

"ಮುಚ್ಚಳದಲ್ಲಿದೆ. ಇದೊಂದು ವಿಚಿತ್ರವಾಗಿದೆ ನೋಡಿ. ಫೋಟೋ ಇಲ್ಲ, ಹೆಸರಿಲ್ಲ. ‘ನಾಲ್ಕು ಹಲ್ಲು ಸರಿಯಾಗಿ ಕಾಣ್ತಿದೆ. ಐದನೇದು ಹೆಬ್ಬೆರಳ ಹಿಂದಿದೆ. ಕೊನೇಲಿ ಅದೂ ಕಾಣತ್ತೆ. ಮೊದ್ಲು ಈ ವಿಡಿಯೋ ತೆಗೀರಿ.’ ಯಾರೋ ಹೊಟ್ಟೆಕಿಚ್ಚಿನವರು ಇರ್ಬೇಕು. ನಾನು ಒಂದು ಹಾರ್ಟ್ ಹಾಕಿ ಸುಮ್ಮನಾದೆ."

ಡಾಕ್ಟರ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

"ಯಾವ ವಿಡಿಯೋ ಅದು? ಕೊಡು ಇಲ್ಲಿ."

ಹೋದ ವಾರದ್ದು. ಒಬ್ಬ ಹೆಂಗಸು ತನ್ನ ಮನೆಯ ಕೀಗೆ ಜೋಡಿ ಮಾಡಿಸಲು ಬಂದಿದ್ದಳು. ಪರದೆಯಲ್ಲಿ ಆಕೆಯ ಮುಖ ಇರಲಿಲ್ಲ. ಕೌಂಟರಿನ ಮೇಲೆ ಊರಿದ ಎರಡು ಕೈ ಮಾತ್ರ. ಡಾಕ್ಟರು ಹಳೇ ಕೀಯನ್ನೂ ಹೊಸ ಕೀಯನ್ನೂ ಜೋಡಿಸಿ ಕ್ಯಾಮೆರಾದ ಮೂಗಿನ ಮುಂದೆ ಹಿಡಿದು ತೋರಿಸುತ್ತಿದ್ದರು. ಪರದೆಯ ತುಂಬ ಕೀ. ಒಂದೊಂದು ಹಲ್ಲಿನ ಏರಿಳಿತವೂ ಗುಡ್ಡದ ಸಾಲಿನ ಹಾಗೆ ಕಾಣುತ್ತಿತ್ತು. ಕೊನೆಯಲ್ಲಿ ಕಪ್ಪು ಉಗುರಿನ ಹೆಬ್ಬೆರಳು ಪಕ್ಕಕ್ಕೆ ಸರಿಯಿತು. ಐದನೆಯ ಹಲ್ಲು ನಗುತ್ತಾ ಹೊರಗೆ ಬಂತು.

ಹಿನ್ನೆಲೆಯಲ್ಲಿ ಹೆಂಡತಿಯ ದನಿ: "ಮನೆ ಎಲ್ಲಮ್ಮಾ?"

"ನೀರಿನ ಟ್ಯಾಂಕಿನ ಎದುರುಗಡೆ. ಕೆಳಗೆ ಟೈಲರ್ ಅಂಗಡಿ ಇದೆಯಲ್ಲ, ಅದರ ಮೇಲ್ಗಡೆ. ಹೊಸದಾಗಿ ಬಂದಿದೀವಿ."

"ಯಾರ್ಯಾರು ಇದೀರಾ?"

"ನಾನು, ಮಗಳು, ಇಬ್ರೇ. ನಾನು ಈಜು ಟೀಚರ್ ಅಲ್ವಾ, ಸಂಜೆ ಪೂರ್ತಿ ನೀರಲ್ಲೇ ಇರ್ತೀನಿ, ಫೋನ್ ಲಾಕರಲ್ಲಿರುತ್ತೆ. ಅವಳು ಸ್ಕೂಲಿಂದ ಬಂದು ಒಬ್ಳೇ ತೆಕ್ಕೊಂಡು ಒಳಗಿರ್ಲಿ ಅಂತ ಈ ಕೀ."

ಮಷೀನು ಆ ಹೊತ್ತಿಗೆ ನಿಂತಿತ್ತು. ಒಂದೊಂದು ಅಕ್ಷರವೂ ಸ್ಪಷ್ಟವಾಗಿ ಕೇಳುತ್ತಿತ್ತು.

ಡಾಕ್ಟರಿಗೆ ಆ ಮಾತು ನೆನಪೇ ಇರಲಿಲ್ಲ. ಕೇಳಿಸಿಕೊಳ್ಳದೆ ಇರುವುದು ಅವರಿಗೆ ಅಷ್ಟು ರೂಢಿಯಾಗಿತ್ತು. ಆದರೆ ಫೋನಿಗೆ ಆ ರೂಢಿ ಇರಲಿಲ್ಲ. ಕೀ, ಮನೆ, ಮನೆಯಲ್ಲಿ ಯಾರಿರುತ್ತಾರೆ, ಯಾವಾಗ ಯಾರಿರುವುದಿಲ್ಲ, ಎಲ್ಲವನ್ನೂ ಅದು ಒಂದೇ ತಲೆಯಲ್ಲಿ ಇಟ್ಟುಕೊಂಡು ಕಂಡಕಂಡವರಿಗೆ ಹಂಚಿತ್ತು.

"ಏನಾಯ್ತು ರೀ? ಮುಖ ಹಾಕಿಲ್ಲ ನಾನು. ಮುಖ ಬರಲ್ಲ ಅಂತ ಅವಳಿಗೆ ಹೇಳೇ ತೆಗೆದಿದ್ದು."

ಡಾಕ್ಟರು ಎಂಜಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, ಚಿತ್ರವನ್ನು ನಿಲ್ಲಿಸಿ, ಗೋಡೆಯಿಂದ ಒಂದು ಖಾಲಿ ಕೀ ಇಳಿಸಿ ವೈಸಿಗೆ ಸಿಕ್ಕಿಸಿದರು. ಮಷೀನು ಬೇಕಾಗಲಿಲ್ಲ. ಕಣ್ಣು ಪರದೆಯ ಮೇಲೆ, ಅರ ಹಿತ್ತಾಳೆಯ ಮೇಲೆ. ಮೊದಲ ಹಲ್ಲು, ಎರಡನೆಯದು, ಮೂರನೆಯದು. ಆಗಬಾರದು, ಆಗಬಾರದು ಎಂದುಕೊಂಡೇ ಕೊರೆದರು. ಐದನೆಯದು ಮುಗಿದಾಗ ಊಟ ಇನ್ನೂ ಬೆಚ್ಚಗಿತ್ತು. ಹೆಬ್ಬೆರಳಿನಿಂದ ಹಲ್ಲುಗಳ ಮೇಲೆ ಸವರಿದರು. ಕೈಗೆ ಗುರುತು ಹತ್ತಿತು: ಹೋದ ವಾರ ಇದೇ ಬೆರಳು ಸವರಿದ್ದ ಕೀ ಇದು.

"ತೆಗಿ ಅದನ್ನ. ಈಗಲೇ ಅಳಿಸು," ಎಂದರು. ಕೀ ಅವರಿಗೆ ಅರಿವಿಲ್ಲದೆಯೇ ಜೇಬಿಗೆ ಹೋಯಿತು.

ಹೆಂಡತಿ ಅಳಿಸುತ್ತಿರುವಾಗಲೇ ಫೋನು ಬಡಿದುಕೊಂಡಿತು. ಷಡ್ಡಕನ ಹೆಸರು. ಎಷ್ಟೋ ವರ್ಷಗಳ ಮೇಲೆ.

"ಅತ್ತಿಗೆ, ಅಣ್ಣನಿಗೆ ಕೊಡಿ. ಮಾತು ಬಿಟ್ಟಿದೀವಿ ಅನ್ನೋದೆಲ್ಲ ಆಮೇಲೆ."

ಡಾಕ್ಟರು ಫೋನು ಕಿವಿಗಿಟ್ಟರು.

"ಕಾಮೆಂಟ್ ಹಾಕಿದ್ದು ನಾನೇ ಅಣ್ಣ. ಹೆಸರು ಹಾಕಿದ್ರೆ ಓದಲ್ಲ ಅಂತ ಹಾಕ್ಲಿಲ್ಲ. ಅತ್ತಿಗೆ ನೋಡಿದ್ರೆ ಹಾರ್ಟ್ ಕಳ್ಸಿದಾರೆ!"

"ನಾನು ಈಗ ನೋಡ್ದೆ ಮಾರಾಯ."

"ಈಗ ಹೇಳೋದು ಬೇರೆ. ಸ್ವಲ್ಪ ಹೊತ್ತಿನ ಮುಂಚೆ ಒಬ್ಬ ಬಂದಿದ್ದ. ನೀಟಾಗಿದಾನೆ, ನಗ್ತಾ ಮಾತಾಡ್ತಾನೆ. ಹೆಂಡತಿ ಕೀ ಕಳ್ಕೊಂಡಿದಾಳೆ, ಫೋಟೋ ಇದೆ, ಇದನ್ನ ನೋಡಿ ಮಾಡ್ಕೊಡ್ತೀರಾ ಅಂದ. ಫೋಟೋ ನೋಡಿದ್ರೆ ಮೂಲೇಲಿ ‘ಕೀ-ರ್ತಿ’ ಅಂತಿದೆ. ನಿನ್ನ ಕರಿ ಉಗುರು ಬೇರೆ. ಆಗಲ್ಲ ಹೋಗಯ್ಯಾ ಅಂದೆ. ಊರಲ್ಲಿ ಇನ್ನೊಂದು ಅಂಗಡಿ ಇಲ್ವಾ ಅಂತ ನಗ್ತಾನೇ ಹೋದ. ಬಸ್ ಸ್ಟ್ಯಾಂಡ್ ಹತ್ರ ಹೊಸಬ ಒಬ್ಬ ಇದಾನಲ್ಲ, ಅವನು ಏನೂ ಕೇಳಲ್ಲ, ಮಾಡ್ಕೊಟ್ಟುಬಿಡ್ತಾನೆ."

"ಯಾರಂತೆ ಅವನು?"

"ಗಂಡ ಅಂತೆ. ಗಂಡನಿಗೆ ಹೆಂಡತಿ ಮನೆ ಕೀಯನ್ನ ಇಂಟರ್‌ನೆಟ್ಟಲ್ಲಿ ಹುಡ್ಕೋ ಗತಿ ಯಾಕೆ ಬಂತು, ಯೋಚ್ನೆ ಮಾಡು."

ಡಾಕ್ಟರು ಯೋಚನೆ ಮಾಡಲಿಲ್ಲ. ಮಾಡಿದ್ದರೆ ಕಾಲು ಏಳುತ್ತಿರಲಿಲ್ಲ. ಗೋಡೆಯ ಗಡಿಯಾರದಲ್ಲಿ ಸ್ಕೂಲು ಬಿಡುವ ಹೊತ್ತು ದಾಟಿತ್ತು. ಒಂದು ಹೊಸ ಬೀಗ, ಸ್ಕ್ರೂಡ್ರೈವರ್, ಇಕ್ಕಳ, ಕೊಕ್ಕೆ ತಂತಿ, ಅಷ್ಟನ್ನು ಚೀಲಕ್ಕೆ ತುಂಬಿದರು.

"ನೀನು ಆಟೋ ಹಿಡಿದು ಈಜುಕೊಳಕ್ಕೆ ಹೋಗು. ಆ ಟೀಚರನ್ನ ನೀರಿಂದ ಎಬ್ಬಿಸಿ ಕರ್ಕೊಂಡು ಬಾ. ಫೋನ್ ಮಾಡಿ ಪ್ರಯೋಜನ ಇಲ್ಲ, ಲಾಕರಲ್ಲಿರುತ್ತೆ."

"ಅದು ನಿಮಗೆ ಹೆಂಗೆ..." ಎಂದ ಹೆಂಡತಿ ಅರ್ಧಕ್ಕೇ ನಿಂತರು. ಹೇಗೆ ಗೊತ್ತು ಎಂಬುದು ಆಕೆಗೂ ಗೊತ್ತಿತ್ತು. "ಅಯ್ಯೋ ರೀ, ನಾನು ಸುಮ್ನೆ ಮಾತಿಗೆ ಮಾತು ಅಂತ ಕೇಳ್ದೆ..."

"ಹೋಗು!"

ಡಾಕ್ಟರು ಸ್ಕೂಟರು ಹತ್ತಿ ಹೊರಟರು. ಇಷ್ಟು ವರ್ಷ ಯಾವ ಗಿರಾಕಿಯ ಮನೆಯನ್ನೂ ಹುಡುಕಿದವರಲ್ಲ. ಇದನ್ನು ಹುಡುಕುವ ಶ್ರಮವೇ ಬರಲಿಲ್ಲ. ನೀರಿನ ಟ್ಯಾಂಕು ದೂರದಿಂದಲೇ ಕಂಡಿತು. ಎದುರಿನ ಕಟ್ಟಡದ ಕೆಳಗೆ ಟೈಲರ್ ಅಂಗಡಿ ಬಾಗಿಲು ತೆರೆದು ಕೂತಿತ್ತು. ಪಕ್ಕದಲ್ಲಿ ಮೆಟ್ಟಿಲು. ಯಾರನ್ನೂ ಏನನ್ನೂ ಕೇಳಬೇಕಾಗಲಿಲ್ಲ. ಅದೇ ಹೆದರಿಕೆ ಹುಟ್ಟಿಸಿತು: ತನಗೆ ಇಷ್ಟು ಸುಲಭವಾದದ್ದು ಇನ್ನೊಬ್ಬನಿಗೂ ಇಷ್ಟೇ ಸುಲಭ.

ಮೇಲಿನ ಮಹಡಿಯಲ್ಲಿ ಒಂದೇ ಬಾಗಿಲು. ಮುಚ್ಚಿತ್ತು. ಡಾಕ್ಟರು ಏದುಸಿರು ಬಿಡುತ್ತಾ ಬೆಲ್ ಒತ್ತಿದರು. ಒಳಗೆ ಟಿವಿಯ ಸದ್ದು ನಿಂತಿತು.

"ಯಾರು?" ಹುಡುಗಿಯ ದನಿ.

"ಕೀ ಅಂಗಡಿ ಅಂಕಲ್ ಪುಟ್ಟಾ. ಅಮ್ಮ ಕೀ ಮಾಡಿಸ್ಕೊಂಡ್ರಲ್ಲ."

"ಅಮ್ಮ ಇಲ್ಲ." ಆಮೇಲೆ ತಡವರಿಸಿ, "ಇದಾರೆ. ಸ್ನಾನ ಮಾಡ್ತಿದಾರೆ."

"ಜಾಣೆ. ಬಾಗಿಲು ತೆಗೀಬೇಡ, ನನಗೂ ತೆಗೀಬೇಡ. ಒಳಗಿಂದ ಚಿಲಕ ಹಾಕ್ಕೋ."

"ಚಿಲಕ ಇಲ್ಲ. ಸ್ಕ್ರೂ ಬಿದ್ದುಹೋಗಿದೆ. ಮನೆ ಓನರ್ ನಾಳೆ ನಾಳೆ ಅಂತಿದಾರೆ."

ಡಾಕ್ಟರು ಕಣ್ಣು ಮುಚ್ಚಿ ತೆರೆದರು. "ಕುರ್ಚಿ ಇದೆಯಾ? ಎಳ್ಕೊಂಡು ಬಂದು ಬಾಗಿಲಿಗೆ ಒತ್ತಿಡು. ದೊಡ್ಡ ಕುರ್ಚಿ."

ಕುರ್ಚಿ ಎಳೆಯುವ ಸದ್ದು ಕೇಳಿಸುತ್ತಿರುವಾಗಲೇ ಬೆನ್ನ ಹಿಂದೆ ಇನ್ನೊಂದು ದನಿ ಬಂತು.

"ಯಾರ್ರೀ ನೀವು? ಹುಡುಗಿ ಒಬ್ಳೇ ಇರೋ ಹೊತ್ತಿಗೆ ಇಲ್ಲೇನು ಕೆಲಸ?"

ಕೆಳಗಿನ ಅಂಗಡಿಯ ಟೈಲರಮ್ಮ. ಕೊರಳಲ್ಲಿ ಅಳತೆ ಟೇಪು, ಕೈಯಲ್ಲಿ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿ. ಆಕೆ ಡಾಕ್ಟರನ್ನು ಅಡಿಯಿಂದ ಮುಡಿಯವರೆಗೆ ಅಳೆದ ರೀತಿಗೆ ಟೇಪಿನ ಅಗತ್ಯವಿರಲಿಲ್ಲ.

"ನಾನು ಬೀಗದವನು ತಾಯಿ. ಬೀಗ ಬದಲಾಯಿಸ್ಬೇಕು. ಅರ್ಜೆಂಟು."

"ಟೀಚರ್ ಹೇಳಿದ್ರಾ?"

"ಇಲ್ಲ. ಅವರಿಗಿನ್ನೂ ಗೊತ್ತಿಲ್ಲ."

"ಆಹಾ! ಮನೆಯವರಿಗೆ ಗೊತ್ತಿಲ್ಲ, ಬೀಗ ಮಾತ್ರ ಅರ್ಜೆಂಟು. ಚೀಲ ತೆಗೀರಿ."

ಚೀಲದಿಂದ ಹೊರಬಂದ ಒಂದೊಂದು ಸಾಮಾನೂ ಡಾಕ್ಟರ ವಿರುದ್ಧ ಸಾಕ್ಷಿ ಹೇಳಿತು. ಇಕ್ಕಳ, ಸ್ಕ್ರೂಡ್ರೈವರ್, ಬೀಗ ತಡಕುವ ಕೊಕ್ಕೆ ತಂತಿ.

"ಜೇಬು?"

ಜೇಬಿನಿಂದ ಕೀ ಬಂತು. ಟೈಲರಮ್ಮ ಅದನ್ನು ಕಿತ್ತುಕೊಂಡು, ಡಾಕ್ಟರ ಮುಖವನ್ನೇ ನೋಡುತ್ತಾ ಬೀಗಕ್ಕೆ ಹಾಕಿ ತಿರುಗಿಸಿದರು. ಒಂದಿಷ್ಟೂ ತಡೆಯದೆ, ಬೆಣ್ಣೆಯಲ್ಲಿ ಹೋದ ಹಾಗೆ ತಿರುಗಿತು. ಬಾಗಿಲು ಕುರ್ಚಿಗೆ ಬಡಿದು ಬೆರಳಗಲ ತೆರೆದು ನಿಂತಿತು. ಒಳಗೆ ಹುಡುಗಿ ಕಿರುಚಿದಳು.

ಕಸುಬಿನ ಜೀವಮಾನದಲ್ಲಿ ಡಾಕ್ಟರು ಮಾಡಿದ ಕೀ ಸರಿಯಾಗಿ ಕೂತಿದ್ದಕ್ಕೆ ದುಃಖಪಟ್ಟದ್ದು ಅದೇ ಮೊದಲು.

"ಈ ಮನೆ ಕೀ ನಿಮ್ಮ ಜೇಬಲ್ಲಿ ಹೆಂಗೆ ಬಂತು?"

"ನಾನೇ ಮಾಡ್ದೆ."

"ಯಾರು ಹೇಳಿದ್ರು ಮಾಡಕ್ಕೆ?"

"ಯಾರೂ ಹೇಳಿಲ್ಲ."

ಕತ್ತರಿ ಮೇಲೆದ್ದಿತು. ಡಾಕ್ಟರು ಎರಡೂ ಕೈಯೆತ್ತಿ ಮೆಟ್ಟಿಲ ಮೇಲೆ ಕುಸಿದು ಕೂತರು. ವಿಡಿಯೋ, ಷಡ್ಡಕ, ನಗುವ ಮನುಷ್ಯ, ಎಲ್ಲವನ್ನೂ ಒಂದರ ಮೇಲೊಂದು ಬಿದ್ದು ಹೋಗುವಂತೆ ಹೇಳಿದರು. ತಮಗೇ ಅದು ಕಳ್ಳನ ಕಟ್ಟುಕಥೆಯಂತೆ ಕೇಳಿಸಿತು. ಟೈಲರಮ್ಮನ ಮುಖ ಸಡಿಲವಾಗಲಿಲ್ಲ.

ಅಷ್ಟರಲ್ಲಿ ಬಾಗಿಲ ಸಂದಿಯಲ್ಲಿ ಒಂದು ಕಣ್ಣು ಕಂಡಿತು.

"ಟೈಲರ್ ಆಂಟಿ, ಈ ಅಂಕಲ್ ಹೆಬ್ಬೆರಳು ನನಗೆ ಗೊತ್ತು. ವಿಡಿಯೋದಲ್ಲಿ ನೋಡಿದೀನಿ. ಅದು ನಮ್ಮನೆ ಕೀನೇ. ‘ಇದು ನಮ್ಮನೆ ಕೀ, ನಮ್ಮಮ್ಮನ ವಾಯ್ಸು’ ಅಂತ ನಾನೇ ಕಾಮೆಂಟ್ ಹಾಕಿದ್ದೆ. ಹಳೇ ಸ್ಕೂಲ್ ಫ್ರೆಂಡ್ಸೆಲ್ಲ ಲೈಕ್ ಮಾಡಿದಾರೆ."

"ನಿನ್ನ ಹೆಸರಲ್ಲೇ ಹಾಕಿದ್ಯಾ ಪುಟ್ಟಾ?" ಡಾಕ್ಟರು ಸಂದಿಯ ಕಡೆ ಬಗ್ಗಿ ಕೇಳಿದರು.

"ಹೂಂ. ಯಾಕೆ?"

ಟೈಲರಮ್ಮ ಕತ್ತರಿ ಇಳಿಸಿದರು. ಹುಡುಗಿಯ ತಂದೆ ಯಾರು, ಆ ಟೀಚರ್ ಯಾಕೆ ಹೊಸದಾಗಿ ಬಂದು ಇಲ್ಲಿ ಸೇರಿಕೊಂಡಿದ್ದಾಳೆ, ಇದೆಲ್ಲ ಆಕೆಗೆ ಅಷ್ಟಿಷ್ಟು ಗೊತ್ತಿತ್ತು. "ಹೋದ ಮನೇಲಿ ಬಾಗಿಲು ಒಡೆದು ಬಂದಿದ್ದನಂತೆ," ಎಂದು ಹುಡುಗಿಗೆ ಕೇಳದ ಹಾಗೆ ಪಿಸುಗುಟ್ಟಿದರು. "ಟೀಚರ ಕೈ ಮುರಿದು, ಎಷ್ಟೋ ದಿನ ಈಜಕ್ಕೇ ಆಗಿರ್ಲಿಲ್ಲವಂತೆ. ಸರಿ, ನಾನಿಲ್ಲೇ ನಿಂತಿರ್ತೀನಿ. ಬೇಗ ಮಾಡಿ."

ಕುರ್ಚಿ ಸರಿಯಿತು. ಡಾಕ್ಟರು ಹೊಸ್ತಿಲಲ್ಲಿ ಕಾಲು ಚಾಚಿ ಕೂತು ಸ್ಕ್ರೂ ಬಿಚ್ಚತೊಡಗಿದರು. ಸಾವಿರ ಸಲ ಮಾಡಿದ ಕೆಲಸ. ಇವತ್ತು ಸ್ಕ್ರೂಡ್ರೈವರ್ ತೋಡಿನಲ್ಲಿ ನಿಲ್ಲದೆ ಜಾರುತ್ತಿತ್ತು. ಹಳೇ ಬೀಗ ಕಳಚಿ ಕೈಗೆ ಬಂತು. ಬಾಗಿಲಲ್ಲಿ ಈಗ ದುಂಡನೆಯ ತೂತು ಮಾತ್ರ. ಕೀ ಇರುವವನಿಗೂ ಇಲ್ಲದವನಿಗೂ ಒಂದೇ ಆಗಿ ಹೋದ ಬಾಗಿಲು. ಹೊಸ ಬೀಗವನ್ನು ಪೊಟ್ಟಣದಿಂದ ತೆಗೆಯುತ್ತಿದ್ದಾಗ ಕೆಳಗೆ ಮೆಟ್ಟಿಲ ಮೇಲೆ ಬೂಟಿನ ಸದ್ದು ಕೇಳಿತು. ಅವಸರವಿಲ್ಲದ ಹೆಜ್ಜೆ. ಮನೆಗೆ ಬರುವವನ ಹೆಜ್ಜೆ.

ಇಸ್ತ್ರಿ ಮಾಡಿದ ಶರ್ಟು, ಒಂದು ಕೈಯಲ್ಲಿ ಬಣ್ಣದ ಕಾಗದ ಸುತ್ತಿದ ಪೊಟ್ಟಣ. ಇಬ್ಬರನ್ನೂ ನೋಡಿ ಅವನು ನಿಂತ. ಆಮೇಲೆ ನಕ್ಕ.

"ಓ, ಬೀಗ ರಿಪೇರಿನಾ? ಪರವಾಗಿಲ್ಲ, ಸ್ವಲ್ಪ ದಾರಿ ಬಿಡಿ. ನಮ್ಮ ಮನೇನೇ ಇದು."

ಒಳಗೆ ಹುಡುಗಿಯ ಕಡೆಯಿಂದ ಸದ್ದೇ ಇಲ್ಲ. ಟಿವಿಯೂ ಇಲ್ಲ, ಉಸಿರೂ ಇಲ್ಲ.

"ಯಾರ ಮನೆ ಅಂದ್ರಿ?" ಟೈಲರಮ್ಮನ ದನಿ ಸಣ್ಣಗಾಗಿತ್ತು.

"ನನ್ನ ಹೆಂಡತಿ ಮನೆ. ಮಗಳನ್ನ ನೋಡಕ್ಕೆ ಬಂದೆ. ಅನುಮಾನ ಇದ್ರೆ ನೋಡಿ, ಕೀ ಇದೆ ನನ್ನ ಹತ್ರ."

ಎರಡು ಬೆರಳಿನ ನಡುವೆ ಕೀ ಹೊಳೆಯಿತು. ಡಾಕ್ಟರು ಕೂತಲ್ಲಿಂದಲೇ ನೋಡಿದರು. ಹೊಸ ಹಿತ್ತಾಳೆ. ಅಂಚಿಗೆ ಅರ ಕೂಡ ಹಾಕಿಲ್ಲ, ಪುಡಿ ಹಾಗೇ ಇದೆ. ಬಸ್ ಸ್ಟ್ಯಾಂಡಿನವನ ಕೆಲಸ. ಐದೂ ಹಲ್ಲುಗಳಿದ್ದವು.

ಎದ್ದು ನಿಲ್ಲಬೇಕು ಎಂದು ಡಾಕ್ಟರಿಗೆ ಅನ್ನಿಸಿತು. ಆದರೆ ಜಗಳದಲ್ಲಿ ಅವರು ಯಾವತ್ತೂ ಯಾರಿಗೂ ಅಡ್ಡ ನಿಂತವರಲ್ಲ. ಈಗಲೂ ನಿಲ್ಲಲಿಲ್ಲ, ಅಡ್ಡ ಕೂತರು. ಹೊಸ್ತಿಲ ತುಂಬ ಇನ್ನಷ್ಟು ಹರಡಿಕೊಂಡು, ಅಂಗಡಿಯಲ್ಲಿ ದಿನಾ ಆಡುವ ದನಿಯಲ್ಲೇ ಕೈ ಚಾಚಿದರು.

"ಕೊಡಿ ಇಲ್ಲಿ, ನೋಡೋಣ. ಹಲ್ಲು ಸರಿಯಾಗಿ ಬಿದ್ದಿಲ್ಲ ಅನ್ಸುತ್ತೆ."

ಬೀಗದವನು ಕೈ ಚಾಚಿದರೆ ಎಂಥವನೂ ಯೋಚಿಸದೆ ಕೀ ಕೊಟ್ಟುಬಿಡುತ್ತಾನೆ. ಅವನೂ ಕೊಟ್ಟ. ಕೊಟ್ಟ ಮೇಲೆ ಅವನ ಹುಬ್ಬು ಗಂಟಿಕ್ಕಿತು. ಅಷ್ಟರಲ್ಲಿ ಕೀ ಇಕ್ಕಳದ ಬಾಯಲ್ಲಿತ್ತು. ಡಾಕ್ಟರು ಎರಡೂ ಕೈ ಹಾಕಿ ಮುರಿದರು. ಟಕ್ ಎಂಬ ಸಣ್ಣ ಸದ್ದು.

ನಗು ಹೋಯಿತು. ಪೊಟ್ಟಣ ಕೆಳಗೆ ಬಿತ್ತು. ಅವನು ಬಗ್ಗಿ ಡಾಕ್ಟರ ಕಾಲರು ಹಿಡಿದು ಎಳೆದ. ಡಾಕ್ಟರು ಬಾಗಿಲ ಚೌಕಟ್ಟನ್ನು ತಬ್ಬಿಕೊಂಡರು. ಅಂಗಿಯ ಎರಡು ಗುಂಡಿ ಕಿತ್ತು ಮೆಟ್ಟಿಲಿಳಿದು ಉರುಳಿದವು.

"ಏಯ್! ಮೇಲೆ ಬನ್ರೇ ಎಲ್ಲಾರೂ!" ಟೈಲರಮ್ಮನಿಗೆ ದನಿ ಮರಳಿ ಬಂದಿತ್ತು. ಅದು ಕಟ್ಟಡವನ್ನೇ ಅಲ್ಲಾಡಿಸಿತು.

ಕೆಳಗೆ ಹೊಲಿಗೆ ಮಷೀನುಗಳೆಲ್ಲ ಒಟ್ಟಿಗೆ ನಿಂತವು. ಹೊಲಿಯುವ ಹೆಂಗಸರು ಗಜಕಡ್ಡಿ, ಕತ್ತರಿ, ಕೈಗೆ ಸಿಕ್ಕಿದ್ದನ್ನು ಹಿಡಿದು ಮೆಟ್ಟಿಲು ಹತ್ತಿ ಬಂದರು. ಅವನು ಕಾಲರು ಬಿಟ್ಟ. ತನ್ನ ಶರ್ಟಿನ ತೋಳು ಸರಿಮಾಡಿಕೊಂಡ.

"ಇದು ನಮ್ಮ ಮನೆ ವಿಷಯ," ಎಂದ. "ಒಂದು ಕೀ ಮುರಿದ್ರೆ ಏನಾಯ್ತು? ಫೋಟೋ ಇನ್ನೂ ಇದೆ. ಮನೆನೂ ಎಲ್ಲೂ ಹೋಗಲ್ಲ."

ಹೆಂಗಸರ ನಡುವೆ ಉಳಿದ ಸಂದಿಯಲ್ಲಿ ಇಳಿದು ಹೋದ. ಡಾಕ್ಟರು ಹೊಸ ಬೀಗವನ್ನು ಎತ್ತಿಕೊಂಡು ತೂತಿಗೆ ಕೂರಿಸಲು ನೋಡಿದರು. ಟೈಲರಮ್ಮ ಸ್ಕ್ರೂಗಳನ್ನು ಒಂದೊಂದಾಗಿ ಹಿಡಿದು ಕೊಟ್ಟರು.

ಕೊನೆಯ ಸ್ಕ್ರೂ ಬಿಗಿಯುವಾಗ ಈಜು ಟೀಚರ್ ಬಂದರು. ಈಜುಡುಗೆಯ ಮೇಲೆ ಯಾರದೋ ಕೋಟು, ಕೂದಲಿನಿಂದ ನೀರು, ಬರಿಗಾಲು. ಹಿಂದೆ ಡಾಕ್ಟರ ಹೆಂಡತಿ. ಟೀಚರ್ ಯಾರನ್ನೂ ನೋಡದೆ ಒಳಗೆ ಹೋದರು. ಮಂಚದ ಕೆಳಗಿನಿಂದ ಮಗಳನ್ನು ಎಳೆದುಕೊಂಡು ಬಹಳ ಹೊತ್ತು ಹಾಗೇ ಕೂತರು. ಹೊರಗೆ ಬಂದಾಗ ಅವರ ದನಿ ತಣ್ಣಗಿತ್ತು. ಅಷ್ಟು ತಣ್ಣಗಿನ ದನಿಗೆ ಡಾಕ್ಟರ ಹೆಂಡತಿ ಒಂದು ಹೆಜ್ಜೆ ಹಿಂದೆ ಸರಿದರು.

"ಮುಖ ತೋರಿಸಲ್ಲ ಅಂದಿದ್ರಿ."

"ತೋರಿಸಿಲ್ಲಮ್ಮ, ದೇವರಾಣೆ."

"ಹೌದು. ಮುಖ ಒಂದನ್ನ ಬಿಟ್ಟು ಎಲ್ಲಾ ತೋರಿಸಿದೀರಿ."

"ಅಳಿಸಿಬಿಟ್ಟೆ ಕಣಮ್ಮ. ಎಲ್ಲಾ ಅಳಿಸಿದೆ. ಚಾನೆಲ್ಲೇ ಮುಚ್ಚಿಬಿಡ್ತೀನಿ."

"ನಿಮ್ಮ ಫೋನಿಂದ ಅಳಿಸಿದೀರಿ. ಅವನ ಫೋನಿಂದ ಯಾರು ಅಳಿಸ್ತಾರೆ?"

ಹೆಂಡತಿ ಸೆರಗಿನಿಂದ ಮುಖ ಒತ್ತಿಕೊಂಡರು. ಡಾಕ್ಟರು ಹೊಸ ಕೀಗಳ ಪೊಟ್ಟಣವನ್ನು ಬಿಚ್ಚದೆ ಹಾಗೇ ಚಾಚಿದರು. ಟೀಚರ್ ತೆಗೆದುಕೊಂಡರು, ಆದರೆ ನೋಡಲಿಲ್ಲ.

"ಬೀಗ ಬದಲಾಯಿಸಿದ್ರಿ. ಮನೇನ ಏನು ಮಾಡ್ಲಿ? ಮಗಳು ಈಗಷ್ಟೇ ಈ ಸ್ಕೂಲಲ್ಲಿ ಒಬ್ಬ ಫ್ರೆಂಡ್ ಮಾಡ್ಕೊಂಡಿದ್ಲು. ಮತ್ತೆ ಹುಡುಕ್ಬೇಕು. ಮತ್ತೆ ಗಂಟುಮೂಟೆ."

"ಮೊದ್ಲು ಸ್ಟೇಷನ್ನಿಗೆ ಹೋಗೋಣ," ಎಂದರು ಟೈಲರಮ್ಮ. "ನಾನು ನೋಡಿದೀನಿ, ಹೇಳ್ತೀನಿ. ಇವರೂ ಬಂದು ಹೇಳ್ತಾರೆ. ಅಲ್ವೇನ್ರೀ?"

ಡಾಕ್ಟರು ತಲೆಯಾಡಿಸಿದರು. ಮುರಿದ ಕೀಯ ಎರಡು ತುಂಡುಗಳನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡರು. ಇನ್ನು ಏಳಬೇಕು ಎನ್ನುವಾಗ ಟೀಚರ್ ಅವರ ಎದುರು ಬಂದು, ಕಣ್ಣಿಗೆ ಕಣ್ಣು ಸೇರುವಂತೆ ಕುಕ್ಕರಗಾಲಲ್ಲಿ ಕೂತರು.

"ನಿಮ್ಮ ಹೆಂಡತಿಗೆ ಗೊತ್ತಿರ್ಲಿಲ್ಲ, ಒಪ್ತೀನಿ. ನನಗೂ ಗೊತ್ತಿರ್ಲಿಲ್ಲ, ಇಲ್ದಿದ್ರೆ ಅಷ್ಟು ಮಾತು ಆಡ್ತಿದ್ನಾ? ಆದ್ರೆ ನಿಮಗೆ ಗೊತ್ತಿತ್ತು. ಕೀ ಹಲ್ಲು ನೋಡಿದ್ರೆ ಕೀ ಮಾಡಬಹುದು ಅಂತ ಈ ಊರಲ್ಲಿ ಯಾರಿಗಾದ್ರೂ ಗೊತ್ತಿದ್ರೆ ಅದು ನಿಮಗೆ. ಗೊತ್ತಿದ್ದೂ ಕ್ಯಾಮೆರಾ ಮುಂದೆ ಅಷ್ಟು ಹತ್ರ, ಅಷ್ಟು ಹೊತ್ತು ಯಾಕೆ ಹಿಡಿದ್ರಿ? ನಿಜ ಹೇಳಿ."

ಮೆಟ್ಟಿಲ ಮೇಲಿದ್ದ ಹೆಂಗಸರೆಲ್ಲ ಕಿವಿಯಾದರು. ಹೆಂಡತಿ ಸೆರಗು ಇಳಿಸಿ ನೋಡಿದರು. ಡಾಕ್ಟರು ಗುಂಡಿ ಕಿತ್ತ ಅಂಗಿಯನ್ನು ಎರಡೂ ಕೈಯಿಂದ ಮುಂದಕ್ಕೆ ಎಳೆದುಕೊಂಡರು.

"ಕೀ ಹತ್ರ ಹಿಡಿದ್ರೆ ಹಿಂದಿರೋದೆಲ್ಲ ಮಸುಕಾಗುತ್ತಮ್ಮ," ಎಂದರು. "ನನ್ನ ಹೊಟ್ಟೆ ಕಾಣಲ್ಲ."